ಹಿಡಿಕೆಯ ಮೇಲೊಂದು ಗುರುತು



ನಿಮ್ಮ ಅಡುಗೆ ಮನೆಯ ಗೋಡೆ ಕಡೆ ಒಮ್ಮೆ ನೋಡಿ. ಅಲ್ಲಿ ಏನೇನು ತೂಗುಹಾಕಿದ್ದೀರಿ? ಸೌಟು, ಜಾಲರಿ ಸೌಟು, ದೋಸೆ ಮಗುಚುವ ಕೈ. ಮೂಲೆಯಲ್ಲಿ ಮುದ್ದೆ ಕೋಲು. ಪಕ್ಕದಲ್ಲಿ ಮಜ್ಜಿಗೆ ಕಡೆಯುವ ಕಡೆಗೋಲು.

ಕೆಲವಕ್ಕೆ ಕಬ್ಬಿಣದ ಹಿಡಿಕೆ. ಕೆಲವಕ್ಕೆ ಮರದ ಹಿಡಿಕೆ. ಮರದ ಹಿಡಿಕೆ ಯಾಕೆ ಬೇಕು? ನಿಮಗೆ ಗೊತ್ತೇ ಇದೆ. ಕಬ್ಬಿಣ ಬೇಗ ಕಾಯುತ್ತದೆ. ಕೈ ಸುಡುತ್ತದೆ. ಮರದೊಳಗೆ ಬಿಸಿ ಬೇಗ ಹರಿಯೋದಿಲ್ಲ. ಒಲೆಯ ಮುಂದೆ ಎಷ್ಟು ಹೊತ್ತು ಕೂತರೂ ಕೈಗೆ ತಂಪು.

ಈಗ ಇನ್ನೊಂದು ಮಾತು. ನಿಮ್ಮ ಮನೆಯ ಸ್ಟೀಲ್ ಬಿಂದಿಗೆಯನ್ನು ತಿರುಗಿಸಿ ನೋಡಿ. ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿರುತ್ತಾರೆ. ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು. ಕೆಳಗೆ ತಾರೀಖು. ಮೊದಲು ಅದು ಬರೀ ಗೀರು ಅನ್ನಿಸುತ್ತಿತ್ತು. ಈಗ ನೀವು ಅದನ್ನು ಓದಬಲ್ಲಿರಿ.

ಮರದ ಹಿಡಿಕೆಯ ಸೌಟಿನ ಮೇಲೆ ಯಾರ ಹೆಸರಿದೆ? ಹೆಚ್ಚಾಗಿ ಯಾರದೂ ಇಲ್ಲ. ಮಾಡಿದ ಕೈ ಯಾವುದು? ಯಾರಿಗೂ ಗೊತ್ತಿಲ್ಲ.

ಇಂಥ ಹಿಡಿಕೆಯ ಮೇಲೆ ಗುರುತು ಹಾಕುವುದು ಹೇಗೆ? ಅದರಿಂದ ಲಾಭವೇನು? ಎಚ್ಚರ ಏನು? ಈ ಪಾಠದಲ್ಲಿ ತಿಳಿಯೋಣ.

ಗುರುತು ಅಂದರೇನು?

ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಸಹಿ ಹಾಕುತ್ತೇವೆ. ಸಹಿ ಅಂದರೆ "ಇದು ನನ್ನ ಮಾತು, ಇದಕ್ಕೆ ನಾನು ಹೊಣೆ" ಎಂದು ಅರ್ಥ. ಸರಕಿನ ಮೇಲಿನ ಗುರುತೂ ಹಾಗೆಯೇ. ಅದು ಮಾಡಿದವರ ಸಹಿ. ಪೇಟೆಯಲ್ಲಿ ಇದನ್ನು "ಲೋಗೋ" ಅಂತಾರೆ.

ಓದಲು ಬಾರದವರೂ ಗುರುತು ನೋಡಿ ಸಾಮಾನು ಕೊಳ್ಳುತ್ತಾರೆ. ಮೈಸೂರು ಸ್ಯಾಂಡಲ್ ಸೋಪನ್ನು ನೋಡಿ. ಅದರ ಗುರುತು ಶರಭ. ಆನೆಯ ತಲೆ, ಸಿಂಹದ ಮೈ. ಆ ಚಿತ್ರ ಕಂಡರೆ ಸಾಕು, ಇದು ಮೈಸೂರಿನ ಗಂಧದ ಸೋಪು ಎಂದು ಜನ ಹೇಳುತ್ತಾರೆ.

ಇನ್ನೊಂದು ಉದಾಹರಣೆ ಲಿಜ್ಜತ್ ಹಪ್ಪಳ. 1959ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ 7 ಜನ ಹೆಂಗಸರು ಸೇರಿದರು. 80 ರೂಪಾಯಿ ಸಾಲ ತಂದರು. ಮಹಡಿಯ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಹಪ್ಪಳ ಎಲ್ಲರ ಮನೆಯಲ್ಲೂ ಮಾಡ್ತಾರೆ. ಆದರೆ ಇವರು ತಮ್ಮ ಹಪ್ಪಳಕ್ಕೆ ಒಂದು ಹೆಸರು ಕೊಟ್ಟರು. ಹೆಸರಿಗೆ ತಕ್ಕ ರುಚಿಯನ್ನೂ ಉಳಿಸಿಕೊಂಡರು. ಆ ಹೆಸರೇ ಅವರನ್ನು ದೇಶ ವಿದೇಶಕ್ಕೆ ಕರೆದೊಯ್ಯಿತು.

ಗುರುತಿಲ್ಲದ ಸೌಟು ಪೇಟೆಗೆ ಹೋದರೆ ಏನಾಗುತ್ತದೆ? ಕೊಂಡವರಿಗೆ ಅದು ಹಿಡಿಸಿತು ಅನ್ನಿ. ಇನ್ನೂ ನಾಲ್ಕು ಬೇಕು. ಎಲ್ಲಿ ಹುಡುಕಬೇಕು? ಅಂಗಡಿಯವನನ್ನು ಕೇಳುತ್ತಾರೆ. ಅವನು ಯಾರ ಸೌಟನ್ನಾದರೂ ಕೊಡುತ್ತಾನೆ. ನಡುವಿನವನು ತನ್ನದೇ ಗುರುತನ್ನು ಒತ್ತಿ ಮಾರಲೂಬಹುದು. ಕೆಲಸ ನಮ್ಮದು, ಹೆಸರು ಅವನದು. ಬೆಲೆಯೂ ಅವನು ಹೇಳಿದ್ದೇ.

ಎರಡು ಬಗೆಯ ಗುರುತು

ಹಿಡಿಕೆಯ ಮೇಲೆ ಎರಡು ಬಗೆಯ ಗುರುತು ಬರಬಹುದು.

ಒಂದು, ಮಾಡಿದವರ ಗುರುತು. ನಿಮ್ಮ ಸಂಘದ ಹೆಸರು, ಊರಿನ ಹೆಸರು ಅಥವಾ ಒಂದು ಸಣ್ಣ ಚಿತ್ರ.

ಎರಡು, ಕೊಳ್ಳುವವರ ಗುರುತು. ಹಬ್ಬ ಬಂದಾಗ ಕಂಪನಿಗಳು ತಮ್ಮ ಕೆಲಸಗಾರರಿಗೂ ಗಿರಾಕಿಗಳಿಗೂ ಉಡುಗೊರೆ ಕೊಡುತ್ತವೆ. ಮರದ ಹಿಡಿಕೆಯ ಸೌಟಿನ ಜೋಡಿಯನ್ನು ಡಬ್ಬಿಯಲ್ಲಿ ಹಾಕಿ ಕೊಡುವುದೂ ಉಂಟು. ಆಗ "ನಮ್ಮ ಕಂಪನಿಯ ಲೋಗೋ ಹಾಕಿ ಕೊಡಿ" ಎಂದು ಕೇಳುತ್ತಾರೆ. ಹೋಟೆಲಿನವರು, ಮಸಾಲೆ ಪುಡಿ ಮಾರುವವರೂ ಹೀಗೆ ಕೇಳುವುದುಂಟು.

ಎರಡಕ್ಕೂ ಕೆಲಸದ ಬಗೆ ಒಂದೇ. ಲೆಕ್ಕ ಮಾತ್ರ ಬೇರೆ. ಅದನ್ನು ಮುಂದೆ ನೋಡೋಣ.

ಎಂಥ ಮರ ಬೇಕು?

ಮರ ಚೆನ್ನಾಗಿ ಒಣಗಿರಬೇಕು. ಇದು ಮೊದಲ ಮಾತು. ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಸೀಳುತ್ತದೆ. ಅದರ ಮೇಲಿನ ಗುರುತೂ ಸೊಟ್ಟಗಾಗುತ್ತದೆ. ಹಸಿ ಮರದ ಮೇಲೆ ಕಾದ ಅಚ್ಚು ಒತ್ತಿದರೆ ಒಳಗಿನ ನೀರು ಆವಿಯಾಗಿ ಬರುತ್ತದೆ. ಅಂಚು ಕಲಸಿ ಹೋಗುತ್ತದೆ.

ತಿಳಿ ಬಣ್ಣದ ಮರದ ಮೇಲೆ ಸುಟ್ಟ ಗುರುತು ಚೆನ್ನಾಗಿ ಕಾಣುತ್ತದೆ. ಚನ್ನಪಟ್ಟಣದವರು ಬಳಸುವ ಹಾಲೆ ಮರ ದಂತದ ಬಣ್ಣದ್ದು. ಅದರ ಮೇಲೆ ಕಂದು ಗುರುತು ಎದ್ದು ಕಾಣುತ್ತದೆ. ಮಾವಿನ ಮರವೂ ಆಗುತ್ತದೆ. ಬೀಟೆಯಂಥ ಕಪ್ಪು ಮರದ ಮೇಲೆ ಸುಟ್ಟ ಗುರುತು ಕಾಣಿಸುವುದೇ ಇಲ್ಲ. ಅಂಥದ್ದಕ್ಕೆ ಕೊರೆದ ಗುರುತೇ ಸರಿ. ತೇಗದಲ್ಲಿ ಎಣ್ಣೆ ಅಂಶ ಹೆಚ್ಚು. ಅದರ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ.

ಮರವನ್ನು ರಸೀದಿ ಪಡೆದೇ ಕೊಳ್ಳಿ. ಬೀಟೆ, ತೇಗ, ಶ್ರೀಗಂಧದಂಥ ಮರಗಳಿಗೆ ಅರಣ್ಯ ಕಾನೂನು ಇದೆ. ರಸೀದಿಯನ್ನು ಸಂಘದ ಕಡತದಲ್ಲಿ ಇಡಿ.

ಗುರುತು ಎಲ್ಲಿರಬೇಕು?

ಸಾರಿನಲ್ಲಿ ಮುಳುಗುವ ಕಡೆ ಗುರುತು ಬೇಡ. ಹಿಡಿಕೆಯ ತುದಿಯ ಹತ್ತಿರ ಇರಲಿ. ತೂಗುಹಾಕಲು ತೂತು ಇರುತ್ತದಲ್ಲ, ಅದರಿಂದ ಎರಡು ಬೆರಳು ಕೆಳಗೆ. ಅಲ್ಲಿ ಬಿಸಿ ತಾಗುವುದಿಲ್ಲ. ಎಣ್ಣೆ ಜಿಡ್ಡೂ ಕಡಿಮೆ. ಗೋಡೆಗೆ ತೂಗುಹಾಕಿದಾಗ ಕಣ್ಣಿಗೂ ಬೀಳುತ್ತದೆ.

ಅಂಗೈ ಸದಾ ಉಜ್ಜುವ ಜಾಗದಲ್ಲಿ ಬಣ್ಣದ ಗುರುತು ಹಾಕಿದರೆ ಬೇಗ ಅಳಿಯುತ್ತದೆ. ಆ ಜಾಗ ಬಿಡಿ.

ಗುರುತು ಸಣ್ಣದಿದ್ದರೆ ಸಾಕು. ಹಣೆಯ ಮೇಲಿನ ಕುಂಕುಮದಂತೆ. ಹಣೆ ತುಂಬ ಬಳಿದರೆ ಚೆಂದ ಕಾಣುವುದಿಲ್ಲ.

ಗುರುತು ಹಾಕುವ ಬಗೆಗಳು

ಮುಖ್ಯವಾಗಿ ಐದು ಬಗೆ ಇವೆ.

1. ಚೀಟಿ. ಕಾಗದದ ಚೀಟಿಯನ್ನು ದಾರದಿಂದ ಕಟ್ಟುವುದು. ಖರ್ಚು ಕಡಿಮೆ. ಬೆಲೆ, ವಿಳಾಸ ಬರೆಯಲು ಇದು ಬೇಕೇ ಬೇಕು. ಆದರೆ ಸೌಟು ಮೊದಲ ಸಲ ನೀರಿಗೆ ಬಿದ್ದಾಗಲೇ ಚೀಟಿ ಹೋಯಿತು.

2. ಬಣ್ಣದ ಅಚ್ಚು. ಪರದೆಯ ಮೂಲಕ ಬಣ್ಣ ಒತ್ತುವುದು. ಇದಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಅಂತಾರೆ. ಲಗ್ನಪತ್ರಿಕೆ ಅಚ್ಚು ಮಾಡುವವರಿಗೆ ಇದು ಗೊತ್ತು. ಎರಡು ಮೂರು ಬಣ್ಣದ ಲೋಗೋ ಬೇಕಾದರೆ ಇದೇ ದಾರಿ. ಆದರೆ ದಿನಾ ತಿಕ್ಕಿ ತೊಳೆದರೆ ಬಣ್ಣ ಸವೆಯುತ್ತದೆ. ಗೋಡೆಗೆ, ಕಿಟಕಿಗೆ ಹಚ್ಚುವ ಬಣ್ಣವನ್ನು ಅಡುಗೆ ಸಾಮಾನಿಗೆ ಹಚ್ಚಲೇಬಾರದು.

3. ಉಳಿಯ ಕೊರೆತ. ಕೈಯಿಂದ ಕೊರೆಯುವುದು. ನೋಡಲು ಚೆಂದ. ಆದರೆ ಒಂದೊಂದಕ್ಕೂ ಬಹಳ ಹೊತ್ತು ಹಿಡಿಯುತ್ತದೆ. ಆಳವಾಗಿ ಕೊರೆದರೆ ಸಂದಿನಲ್ಲಿ ಕೊಳೆ ನಿಲ್ಲುತ್ತದೆ. ಹತ್ತು ಸೌಟಿಗೆ ಸರಿ, ಇನ್ನೂರಕ್ಕೆ ಆಗೋಲ್ಲ.

4. ಸುಟ್ಟ ಮುದ್ರೆ. ಹಿತ್ತಾಳೆ ಅಚ್ಚನ್ನು ಕಾಯಿಸಿ ಮರದ ಮೇಲೆ ಒತ್ತುವುದು. ದನಕ್ಕೆ ಬರೆ ಹಾಕುವುದನ್ನು ನೋಡಿದ್ದೀರಲ್ಲ, ಅದೇ ಉಪಾಯ. ಇದರಲ್ಲಿ ಬಣ್ಣ ಇಲ್ಲ, ಶಾಯಿ ಇಲ್ಲ. ಮರವೇ ಸುಟ್ಟು ಕಂದಾಗುತ್ತದೆ. ತೊಳೆದರೆ ಹೋಗುವುದಿಲ್ಲ.

5. ಲೇಸರ್. ಇದು ಯಂತ್ರ. ಕಂಪ್ಯೂಟರಿನಲ್ಲಿ ಚಿತ್ರ ಇಟ್ಟರೆ ಬೆಳಕಿನ ಕಿರಣ ಮರವನ್ನು ಸುಟ್ಟು ಅದೇ ಚಿತ್ರ ಬಿಡಿಸುತ್ತದೆ. ಸಣ್ಣ ಅಕ್ಷರವೂ ಸ್ಪಷ್ಟ. ಎಲ್ಲವೂ ಒಂದೇ ಸಮ. ಅಚ್ಚು ಮಾಡಿಸುವ ಖರ್ಚಿಲ್ಲ. ಪದಕ, ನಾಮಫಲಕ ಮಾಡುವ ಅನೇಕ ಅಂಗಡಿಗಳಲ್ಲಿ ಈ ಯಂತ್ರ ಇರುತ್ತದೆ. ಒಂದೊಂದು ಹಿಡಿಕೆಗೆ ಇಷ್ಟು ಎಂದು ದರ ಕೇಳುತ್ತಾರೆ. ದುಂಡು ಹಿಡಿಕೆಯಾದರೆ ಅದನ್ನು ತಿರುಗಿಸುವ ಸಲಕರಣೆ ಇದೆಯೇ ಎಂದು ಮೊದಲೇ ಕೇಳಿ.

ನಮ್ಮ ಸಂಘದ ಮನೆಯಲ್ಲೇ, ನಮ್ಮ ಕೈಯಿಂದಲೇ ಮಾಡಬಹುದಾದದ್ದು ಸುಟ್ಟ ಮುದ್ರೆ. ಅದನ್ನು ವಿವರವಾಗಿ ತಿಳಿಯೋಣ.

ಅಚ್ಚು ಮಾಡಿಸುವಾಗ

ಅಚ್ಚಿನ ಮೇಲೆ ಅಕ್ಷರಗಳು ಉಲ್ಟಾ ಇರುತ್ತವೆ. ಕನ್ನಡಿಯಲ್ಲಿ ಕಾಣುವ ಹಾಗೆ. ಒತ್ತಿದಾಗ ಮಾತ್ರ ನೆಟ್ಟಗೆ ಬರುತ್ತವೆ. ಆದ್ದರಿಂದ ಅಚ್ಚು ತಂದ ಕೂಡಲೇ ಕಾಯಿಸಬೇಡಿ. ಶಾಯಿ ಹಚ್ಚಿ ಬಿಳಿ ಕಾಗದದ ಮೇಲೆ ಒತ್ತಿ. ಒಂದೊಂದೇ ಅಕ್ಷರ ಓದಿ. ಒಬ್ಬರು ಓದಿದರೆ ಸಾಲದು, ಮೂವರು ಓದಿ.

ನಮ್ಮ ಕನ್ನಡ ಅಕ್ಷರಗಳಲ್ಲಿ ಸಣ್ಣ ಸಣ್ಣ ಗೆರೆಗಳು ಬಹಳ. ಒಂದು ಗೆರೆ ತಪ್ಪಿದರೆ ಅರ್ಥವೇ ಕೆಡುತ್ತದೆ. ಧ ಅಕ್ಷರದ ಕೆಳಗಿನ ಗೀಟು ಮೂಡದಿದ್ದರೆ ಅದು ದ ಆಗುತ್ತದೆ. ಆಗ "ಧನ" ಹೋಗಿ "ದನ" ಬರುತ್ತದೆ! ನಗು ಬಂತೇ? ಇನ್ನೂರು ಹಿಡಿಕೆಗಳ ಮೇಲೆ ಹೀಗೆ ಸುಟ್ಟುಬಿಟ್ಟರೆ ನಗು ಬರುವುದಿಲ್ಲ. ಕಾಗದದ ಮೇಲಿನ ತಪ್ಪನ್ನು ಹೊಡೆದು ಹಾಕಬಹುದು. ಮರದ ಮೇಲೆ ಸುಟ್ಟದ್ದನ್ನು ಅಳಿಸಲು ಆಗುವುದಿಲ್ಲ.

ಅದಕ್ಕೆ ಗುರುತಿನ ಗೆರೆಗಳು ದಪ್ಪಗಿರಲಿ. ಗೆರೆಗಳ ನಡುವೆ ಜಾಗ ಇರಲಿ. ತೀರಾ ಹತ್ತಿರ ಇದ್ದರೆ ಸುಟ್ಟಾಗ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒತ್ತಕ್ಷರ ಹೆಚ್ಚಿರುವ ಉದ್ದ ಹೆಸರು ಬೇಡ. ಎರಡು ಮೂರು ಅಕ್ಷರದ ಹೆಸರು, ಜೊತೆಗೆ ಒಂದು ಹೂವೋ ದೀಪವೋ ಸಾಕು.

ಇನ್ನೊಂದು ವಿಷಯ. ಅಚ್ಚು ಚಪ್ಪಟೆ, ಹಿಡಿಕೆ ದುಂಡು. ಚಪ್ಪಟೆ ಅಚ್ಚು ದುಂಡು ಹಿಡಿಕೆಗೆ ಒಂದೇ ಗೆರೆಯಷ್ಟು ತಾಗುತ್ತದೆ. ಆಗ ನಡುವೆ ಮೂಡುತ್ತದೆ, ಎರಡು ಬದಿ ಮಾಯ. ಇದಕ್ಕೆ ಉಪಾಯ ಎರಡು. ಗುರುತು ಹಾಕುವ ಜಾಗವನ್ನು ಸ್ವಲ್ಪ ಉಜ್ಜಿ ಚಪ್ಪಟೆ ಮಾಡಿ. ಇಲ್ಲವೇ ಅಚ್ಚನ್ನು ಮೇಲ್ಮುಖವಾಗಿ ಭದ್ರವಾಗಿ ಕೂರಿಸಿ, ಹಿಡಿಕೆಯನ್ನು ಅದರ ಮೇಲೆ ನಿಧಾನಕ್ಕೆ ಉರುಳಿಸಿ. ಚಪಾತಿ ಲಟ್ಟಣಿಗೆ ಉರುಳಿಸಿದ ಹಾಗೆ.

ಮುದ್ರೆ ಒತ್ತುವ ಕ್ರಮ

ಮೊದಲು ಹಿಡಿಕೆಯನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ಧೂಳು ಒರೆಸಿ. ಎಣ್ಣೆಯನ್ನಾಗಲಿ ಬಣ್ಣವನ್ನಾಗಲಿ ಇನ್ನೂ ಹಚ್ಚಬೇಡಿ. ಮೊದಲು ಮುದ್ರೆ, ಆಮೇಲೆ ಎಣ್ಣೆ.

ಹಿಡಿಕೆ ಅಲುಗಾಡದಂತೆ ಮರದ ಗೂಡು ಮಾಡಿಕೊಳ್ಳಿ. ಪ್ರತಿ ಹಿಡಿಕೆಯೂ ಅದೇ ಜಾಗದಲ್ಲಿ ಕೂರಬೇಕು. ಆಗ ಗುರುತು ಎಲ್ಲದರಲ್ಲೂ ಒಂದೇ ಕಡೆ ಬೀಳುತ್ತದೆ.

ಅಚ್ಚನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿ. ವಿದ್ಯುತ್ತಿನಿಂದ ಕಾಯುವ ಅಚ್ಚೂ ಸಿಗುತ್ತದೆ. ಅದರಲ್ಲಿ ಬಿಸಿ ಒಂದೇ ಸಮ ಇರುತ್ತದೆ.

ಕಾದ ಅಚ್ಚನ್ನು ಮೊದಲು ಬೇಡದ ಮರದ ತುಂಡಿನ ಮೇಲೆ ಒತ್ತಿ ನೋಡಿ. ಅದೇ ಜಾತಿಯ ಮರದ ತುಂಡಾಗಿರಲಿ. ಗುರುತು ತೀರಾ ತಿಳಿಯಾಗಿ ಬಂದರೆ ಬಿಸಿ ಸಾಲದು. ಕಪ್ಪಾಗಿ, ಅಂಚು ಕಲಸಿದರೆ ಬಿಸಿ ಹೆಚ್ಚಾಯಿತು. ಕಾಫಿ ಬಣ್ಣ ಬಂದರೆ ಸರಿ. ದೋಸೆ ಕಾವಲಿಗೆ ನೀರು ಚಿಮುಕಿಸಿ ಹದ ನೋಡುತ್ತೀರಲ್ಲ? ಇದೂ ಹಾಗೇ. ಹದ ನಿಮ್ಮ ಕಣ್ಣಿಗೆ ಸಿಗುತ್ತದೆ.

ಈಗ ಹಿಡಿಕೆಯ ಮೇಲೆ ನೇರವಾಗಿ ಒತ್ತಿ. ಕೆಲವು ಎಣಿಕೆ ಎಣಿಸಿ ಎತ್ತಿ. ತುಂಡಿನ ಮೇಲೆ ಎಷ್ಟು ಎಣಿಸಿದಿರೋ ಅಷ್ಟೇ ಇಲ್ಲೂ ಎಣಿಸಿ. ಎತ್ತುವಾಗ ಜಾರಿಸಬೇಡಿ. ಒಂದೇ ಜಾಗದಲ್ಲಿ ಎರಡನೆಯ ಸಲ ಒತ್ತಬೇಡಿ. ಎರಡು ನೆರಳು ಬೀಳುತ್ತದೆ.

ತಣ್ಣಗಾದ ಮೇಲೆ ನಯವಾದ ಮರಳು ಕಾಗದದಿಂದ ಮೆಲ್ಲಗೆ ಒಂದು ಸಲ ಉಜ್ಜಿ. ಮಸಿ ಹೋಗಿ ಅಂಚು ತಿಳಿಯಾಗುತ್ತದೆ.

ಕೆಲಸ ಮಾಡುವಾಗ ಸೆರಗು ಸಿಕ್ಕಿಸಿಕೊಳ್ಳಿ. ಬಳೆ ಮೇಲಕ್ಕೆ ಸರಿಸಿ. ಕೈಗೆ ದಪ್ಪ ಹತ್ತಿಯ ಕೈಗವಸು ಹಾಕಿ. ನೈಲಾನ್ ಕೈಗವಸು ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹೊಗೆ ಹೊರಗೆ ಹೋಗಲು ಕಿಟಕಿ ತೆರೆದಿರಲಿ. ಒಂದು ಬಕೆಟ್ ನೀರು ಹತ್ತಿರ ಇರಲಿ. ಮಕ್ಕಳನ್ನು ಒಳಗೆ ಬಿಡಬೇಡಿ.

ಅರಗಿನ ಬಣ್ಣದ ಹಿಡಿಕೆ

ಚನ್ನಪಟ್ಟಣದ ಬೊಂಬೆ ನೋಡಿದ್ದೀರಲ್ಲ? ಅದರ ಹೊಳಪು ಅರಗಿನದು. ಅರಗು ಮರಗಳ ಮೇಲೆ ಬದುಕುವ ಸಣ್ಣ ಹುಳುಗಳಿಂದ ಬರುತ್ತದೆ. ಅದಕ್ಕೆ ಬಣ್ಣ ಬೆರೆಸಿ ಕಡ್ಡಿ ಮಾಡುತ್ತಾರೆ. ಲೇತಿನಲ್ಲಿ ಮರ ತಿರುಗುತ್ತಿರುವಾಗ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಅಲ್ಲಿ ಹೆಂಗಸರೂ ಲೇತಿನ ಮುಂದೆ ಕೂತು ಈ ಕೆಲಸ ಮಾಡುತ್ತಾರೆ.

ಇಂಥ ಬಣ್ಣದ ಹಿಡಿಕೆಯ ಸೌಟು, ಚಮಚಗಳನ್ನೂ ಮಾಡಬಹುದು. ಆದರೆ ಅರಗು ಬಿಸಿಗೆ ಮೆತ್ತಗಾಗುತ್ತದೆ. ಕುದಿಯುವ ನೀರು ತಾಗಿದರೂ ಸಾಕು. ಆದ್ದರಿಂದ ಒಲೆಯಿಂದ ದೂರ ಇರುವ ತುದಿಗೆ ಮಾತ್ರ ಅರಗು ಹಾಕಬೇಕು.

ಅರಗಿನ ಮೇಲೆ ಕಾದ ಅಚ್ಚು ಒತ್ತಿದರೆ ಏನಾಗುತ್ತದೆ? ಅರಗು ಕರಗಿ ಅಚ್ಚಿಗೇ ಅಂಟುತ್ತದೆ. ಹಿಡಿಕೆಯೂ ಕೆಟ್ಟಿತು, ಅಚ್ಚೂ ಕೆಟ್ಟಿತು. ಹಾಗಾದರೆ ದಾರಿ ಏನು? ಹಿಡಿಕೆಯ ನಡುವೆ ಒಂದು ಪಟ್ಟಿಯಷ್ಟು ಜಾಗವನ್ನು ಬಣ್ಣವಿಲ್ಲದೆ ಬಿಡಿ. ಬರೀ ಮರ ಕಾಣಲಿ. ಅಲ್ಲಿ ಮುದ್ರೆ ಹಾಕಿ. ಎರಡು ಬದಿ ಕೆಂಪು, ನಡುವೆ ಬಿಳಿ ಮರ, ಅದರ ಮೇಲೆ ಕಂದು ಗುರುತು. ನೋಡಲು ಲಕ್ಷಣ.

ಎಣ್ಣೆ ಹಚ್ಚುವುದು

ಮುದ್ರೆ ಆದ ಮೇಲೆ ಹಿಡಿಕೆಗೆ ತೆಳುವಾಗಿ ಎಣ್ಣೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಕೊಬ್ಬರಿ ಎಣ್ಣೆ ಬೇಗ ಕೆಡುವುದಿಲ್ಲ. ಸೂರ್ಯಕಾಂತಿ ಎಣ್ಣೆ ದಿನ ಕಳೆದಂತೆ ಅಂಟಂಟಾಗಿ ವಾಸನೆ ಬರುತ್ತದೆ.

ಉತ್ತರ ಕರ್ನಾಟಕದ ಅಕ್ಕಂದಿರಿಗೆ ಅಗಸೆ ಎಣ್ಣೆ ಗೊತ್ತು. ಅದು ಮರದ ಮೇಲೆ ಒಣಗಿ ಗಟ್ಟಿ ಪದರವಾಗುತ್ತದೆ. ಗಾಣದ ಶುದ್ಧ ಎಣ್ಣೆ ಬಳಸಿ. ಬಣ್ಣದ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆ ಬೇಡ. ಬೇಗ ಒಣಗಲೆಂದು ಅದಕ್ಕೆ ಬೇರೆ ವಸ್ತು ಬೆರೆಸಿರಬಹುದು.

ಒಂದು ಎಚ್ಚರ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ತಾನೇ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ. ಇಲ್ಲವೇ ನೀರಿನಲ್ಲಿ ನೆನೆಹಾಕಿ.

ಕಂಪನಿಯ ಆರ್ಡರ್ ಬಂದಾಗ

"ದೀಪಾವಳಿಗೆ 200 ಸೌಟು ಬೇಕು, ನಮ್ಮ ಲೋಗೋ ಇರಲಿ" ಎಂದು ಒಂದು ಕಂಪನಿ ಕೇಳಿತು ಅನ್ನಿ. ಸಂತೋಷ. ಆದರೆ ಬಾಯಿ ಮಾತಿನ ಮೇಲೆ ಕೆಲಸ ಶುರು ಮಾಡಬೇಡಿ. ಬರೆದು ಕೊಡಲು ಹೇಳಿ. ಬಂದ ಕಾಗದವನ್ನು ಎಲ್ಲರೂ ಕೂತು ಓದಿ.

ಅದರಲ್ಲಿ ಇವೆಲ್ಲ ಇವೆಯೇ ನೋಡಿ. ಎಷ್ಟು ಸೌಟು? ಯಾವ ಮರ? ಗುರುತು ಎಷ್ಟು ದೊಡ್ಡದು, ಎಲ್ಲಿ? ಯಾವ ತಾರೀಖಿಗೆ ಕೊಡಬೇಕು? ಸಾಗಣೆ ಖರ್ಚು ಯಾರದು? ಮುಂಗಡ ಎಷ್ಟು? ಉಳಿದ ಹಣ ಯಾವಾಗ?

ಲೋಗೋದ ಚಿತ್ರವನ್ನು ಕಂಪನಿಯಿಂದಲೇ ಪಡೆಯಿರಿ. ಬೇರೆ ಕಡೆಯಿಂದ ನೋಡಿ ನೀವೇ ಬರೆಯಬೇಡಿ. ಲೋಗೋದಲ್ಲಿ ಸಣ್ಣ ಅಕ್ಷರ ಬಹಳ ಇದ್ದರೆ "ಇದು ಸುಟ್ಟ ಮುದ್ರೆಯಲ್ಲಿ ಬರೋದಿಲ್ಲ, ಸರಳ ಮಾಡಿಕೊಡಿ" ಎಂದು ಮೊದಲೇ ಹೇಳಿ. ಹೀಗೆ ಹೇಳುವುದಕ್ಕೆ ಸಂಕೋಚ ಬೇಡ. ಮರದ ಗುಣ ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮೊದಲು ಎರಡು ಮಾದರಿ ಮಾಡಿ. ಒಂದನ್ನು ಕಂಪನಿಗೆ ಕಳಿಸಿ. "ಇದು ಸರಿ ಇದೆ" ಎಂದು ಅವರಿಂದ ಬರೆಸಿ ಸಹಿ ಪಡೆಯಿರಿ. ಇನ್ನೊಂದನ್ನು ಸಂಘದಲ್ಲಿ ಇಡಿ. ನಾಳೆ ತಕರಾರು ಬಂದರೆ ಆ ಮಾದರಿಯೇ ಸಾಕ್ಷಿ.

ಹಿಡಿಕೆಗಳನ್ನು 200 ಅಲ್ಲ, 210 ಮಾಡಿ. ಕೆಲವು ಕೆಟ್ಟೇ ಕೆಡುತ್ತವೆ.

ಇನ್ನೊಂದು ಕೇಳಿಕೊಳ್ಳಿ. "ನಿಮ್ಮ ಲೋಗೋ ಒಂದು ಕಡೆ ಇರಲಿ. ಹಿಂಬದಿಯಲ್ಲಿ ನಮ್ಮ ಸಂಘದ ಸಣ್ಣ ಗುರುತೂ ಇರಲಿ." ಒಪ್ಪಿದರೆ ಅದನ್ನೂ ಕಾಗದದಲ್ಲಿ ಬರೆಸಿ. 200 ಸೌಟು ಅಂದರೆ 200 ಮನೆ. ಅಷ್ಟು ಮನೆಗೆ ನಿಮ್ಮ ಹೆಸರು ಹೋಗುತ್ತದೆ. ಒಪ್ಪದಿದ್ದರೆ ಡಬ್ಬಿಯೊಳಗೆ ಒಂದು ಚೀಟಿಯಾದರೂ ಇಡಲು ಕೇಳಿ.

ಗುರುತಿನ ಲೆಕ್ಕ

ಗುರುತು ಹಾಕುವ ಖರ್ಚನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಒಂದು ಒತ್ತು ತಾನೆ" ಅಂತಾರೆ. ಲೆಕ್ಕ ಹಾಕಿ ನೋಡೋಣ. ಇಲ್ಲಿನ ಅಂಕಿ ಕಲಿಯುವುದಕ್ಕಾಗಿ ಇಟ್ಟುಕೊಂಡದ್ದು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೆ ಮಾಡಿ.

ಕಂಪನಿಯ ಲೋಗೋ ಅಚ್ಚು: 1,500 ರೂಪಾಯಿ
ಒಬ್ಬರ ಒಂದು ದಿನದ ಕೂಲಿ: 400 ರೂಪಾಯಿ
ಗ್ಯಾಸ್: 100 ರೂಪಾಯಿ
ಕೆಟ್ಟ 10 ಹಿಡಿಕೆ, ಒಂದಕ್ಕೆ 40 ರೂಪಾಯಿಯಂತೆ: 400 ರೂಪಾಯಿ
ಒಟ್ಟು: 2,400 ರೂಪಾಯಿ

ಇದನ್ನು 200ರಿಂದ ಭಾಗಿಸಿ. ಒಂದು ಸೌಟಿಗೆ 12 ರೂಪಾಯಿ.

"ಗುರುತಿಗೆ 5 ರೂಪಾಯಿ ಕೊಡ್ತೀವಿ" ಎಂದು ಕಂಪನಿ ಅಂದರೆ? ಒಟ್ಟು 1,000 ರೂಪಾಯಿ ಬರುತ್ತದೆ. 1,400 ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಸಂಘದ ಅಚ್ಚು ವರ್ಷಗಟ್ಟಲೆ ನಡೆಯುತ್ತದೆ. 3,000 ಸೌಟಿಗೆ ಬಳಸಿದರೆ ಒಂದಕ್ಕೆ ಬೀಳುವುದು 50 ಪೈಸೆ. ಕಂಪನಿಯ ಅಚ್ಚು ಬೇರೆ ಯಾರಿಗೂ ಆಗುವುದಿಲ್ಲ. 200 ಸೌಟು ಮುಗಿದರೆ ಅದರ ಕೆಲಸ ಮುಗಿಯಿತು. ಆದ್ದರಿಂದ ಅಚ್ಚಿನ ಹಣವನ್ನು ಕಂಪನಿಯಿಂದ ಬೇರೆಯಾಗಿ, ಮೊದಲೇ ಪಡೆಯಿರಿ.

ಲೋಗೋ ಒತ್ತಿದ ಸೌಟನ್ನು ಕಂಪನಿ ಬೇಡ ಅಂದರೆ ಬೇರೆ ಯಾರಿಗೂ ಮಾರಲು ಆಗುವುದಿಲ್ಲ. ಇದನ್ನು ನೆನಪಿಡಿ. ಮುಂಗಡ ಪಡೆಯದೆ ಒಂದು ಮುದ್ರೆಯನ್ನೂ ಒತ್ತಬೇಡಿ.

ಹಣ ತಡವಾದರೆ? ಅದಕ್ಕೆ ಕಾನೂನು ಇದೆ. ಸಣ್ಣ ಉದ್ದಿಮೆಗಳ ಕಾಯ್ದೆ 2006ರಲ್ಲಿ ಬಂತು. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಯಿಂದ ಸರಕು ಕೊಂಡವರು ಬೇಗ ಹಣ ಕೊಡಬೇಕು. ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬಡ್ಡಿ ಸೇರಿಸಿ ಕೊಡಬೇಕು. ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ನೋಂದಣಿಯ ವಿಷಯವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಗುರುತಿಗೂ ಕಾನೂನಿದೆ

ನಿಮ್ಮ ಗುರುತನ್ನು ಬೇರೆಯವರು ಕದಿಯದಂತೆ ನೋಂದಣಿ ಮಾಡಿಸಬಹುದು. ಇದಕ್ಕೆ ಟ್ರೇಡ್ ಮಾರ್ಕ್ ಕಾಯ್ದೆ ಇದೆ. 1999ರ ಕಾಯ್ದೆ, 2003ರಿಂದ ಜಾರಿಯಲ್ಲಿದೆ. ಕರ್ನಾಟಕದವರ ಅರ್ಜಿಗೆ ಚೆನ್ನೈ ಕಚೇರಿ. ಆದರೆ ಕಂಪ್ಯೂಟರ್ ಮೂಲಕ ಇಲ್ಲಿಂದಲೇ ಅರ್ಜಿ ಹಾಕಬಹುದು. ಒಮ್ಮೆ ನೋಂದಣಿಯಾದರೆ 10 ವರ್ಷ. ಆಮೇಲೆ ಹಣ ಕಟ್ಟಿ ಮುಂದುವರಿಸಬಹುದು.

ಅರ್ಜಿ ಹಾಕುವ ಮೊದಲು ಅಂಥದೇ ಗುರುತು ಬೇರೆ ಯಾರಿಗಾದರೂ ಇದೆಯೇ ಎಂದು ಹುಡುಕಿಸಿ. ಇದ್ದರೆ ನಿಮಗೆ ಸಿಗುವುದಿಲ್ಲ.

ನೋಂದಣಿ ಆಗುವ ತನಕ ವೃತ್ತದೊಳಗೆ "ಆರ್" ಎಂಬ ಇಂಗ್ಲಿಷ್ ಅಕ್ಷರ ಹಾಕುವಂತಿಲ್ಲ. ಆ ಚಿಹ್ನೆ ನೋಂದಣಿಯಾದ ಗುರುತಿಗೆ ಮಾತ್ರ. ಸುಳ್ಳಾಗಿ ಹಾಕಿದರೆ ದಂಡ ಬೀಳುತ್ತದೆ.

ಇನ್ನು ಕೆಲವನ್ನು ಯಾರೂ ತಮ್ಮ ಗುರುತಾಗಿ ಬಳಸುವಂತಿಲ್ಲ. ರಾಷ್ಟ್ರಧ್ವಜ, ಮೂರು ಸಿಂಹದ ಲಾಂಛನ, ಗಾಂಧೀಜಿಯ ಚಿತ್ರ ಇವು ಬೇಡ. ಐಎಸ್‌ಐ ಮುದ್ರೆಯೂ ಬೇಡ. ಅದು ಪರವಾನಗಿ ಪಡೆದವರಿಗೆ ಮಾತ್ರ. "ಚನ್ನಪಟ್ಟಣ" ಎಂಬ ಹೆಸರಿಗೂ ರಕ್ಷಣೆ ಇದೆ. ಅಲ್ಲಿನ ಆಟಿಕೆ, ಬೊಂಬೆಗಳಿಗೆ ಜಿಐ ಮಾನ್ಯತೆ ಸಿಕ್ಕಿದೆ. ಬೇರೆ ಊರಿನಲ್ಲಿ ಮಾಡಿದ್ದಕ್ಕೆ ಆ ಹೆಸರು ಹಾಕಿ ಮಾರಿದರೆ ತಪ್ಪು.

ಗುರುತಿನ ಮಾನ

ಗುರುತಿಗೆ ಎರಡು ಮುಖ. ಸೌಟು ಚೆನ್ನಾಗಿದ್ದರೆ ಜನ ಗುರುತು ನೋಡಿ ಹೊಗಳುತ್ತಾರೆ. ಹಿಡಿಕೆ ಸಡಿಲವಾಗಿ ಕೈಗೆ ಬಂದರೆ ಅದೇ ಗುರುತು ನೋಡಿ ಬೈಯುತ್ತಾರೆ. ಗುರುತಿಲ್ಲದಾಗ ಬೈಗುಳ ಯಾರಿಗೂ ತಾಗುತ್ತಿರಲಿಲ್ಲ. ಈಗ ನೇರ ನಮಗೇ.

ಆದ್ದರಿಂದ ಮುದ್ರೆ ಒತ್ತುವ ಮೊದಲು ಪ್ರತಿ ಸೌಟನ್ನೂ ನೋಡಿ. ಹಿಡಿಕೆ ಎಳೆದು ನೋಡಿ. ಮೊಳೆ ಅಲುಗುತ್ತದೆಯೇ? ಸೀಳು ಇದೆಯೇ? ಕೈಗೆ ಸಿಬುರು ಚುಚ್ಚುತ್ತದೆಯೇ? ಅನುಮಾನ ಇದ್ದದ್ದಕ್ಕೆ ಮುದ್ರೆ ಬೇಡ. ಪಕ್ಕಕ್ಕೆ ಇಡಿ. ಓದದೆ ಸಹಿ ಹಾಕಬಾರದು ಎಂದು ಕಲಿತಿದ್ದೇವೆ. ನೋಡದೆ ಮುದ್ರೆಯನ್ನೂ ಒತ್ತಬಾರದು.

ಕೂತು ಮಾತಾಡಿ

1. ನಿಮ್ಮ ಸಂಘಕ್ಕೆ ಒಂದು ಗುರುತು ಬೇಕಾದರೆ ಯಾವ ಚಿತ್ರ ಇಡುತ್ತೀರಿ? ಸ್ಲೇಟಿನ ಮೇಲೆ ಬರೆದು ತೋರಿಸಿ. ಯಾಕೆ ಅದನ್ನೇ ಆರಿಸಿದಿರಿ?

2. ಆ ಗುರುತಿನ ಹೆಸರನ್ನು ಕನ್ನಡಿಯ ಮುಂದೆ ಹಿಡಿದು ನೋಡಿ. ಅಚ್ಚಿನ ಮೇಲೆ ಅದು ಹೇಗೆ ಇರಬೇಕು?

3. 500 ಸೌಟಿನ ಆರ್ಡರ್ ಬಂತು. ಅಚ್ಚಿಗೆ 1,500 ರೂಪಾಯಿ. ಒಂದು ಸೌಟಿಗೆ ಅಚ್ಚಿನ ಖರ್ಚು ಎಷ್ಟು?

4. ನಿಮ್ಮ ಊರಿನಲ್ಲಿ ಹೆಂಗಸರು ಮಾಡಿ, ಬೇರೆಯವರ ಹೆಸರಿನಲ್ಲಿ ಮಾರಾಟವಾಗುವ ವಸ್ತು ಯಾವುದಾದರೂ ಇದೆಯೇ? ಬೀಡಿಯೇ? ಊದುಬತ್ತಿಯೇ? ಬುಟ್ಟಿಯೇ? ಅದರಲ್ಲಿ ಮಾಡಿದವರಿಗೆ ಎಷ್ಟು ಸಿಗುತ್ತದೆ? ಲೆಕ್ಕ ಬರೆಯಿರಿ.